ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಪ್ಯಾಚ್ ಬಂದಿದೆ

2021ರ ಜನವರಿಯಲ್ಲಿ ‘ಸೈಬರ್‌ಪಂಕ್ 2077’ ಎಂಬ ವಿಡಿಯೊ ಗೇಮಿಗೆ 1.1 ಪ್ಯಾಚ್, ಅಂದರೆ ಮಾರಿದ ಮೇಲೆ ಹಾಕುವ ತೇಪೆ, ಬಂತು. ಹಿಂದಿನ ತಿಂಗಳಷ್ಟೇ ದುಡ್ಡು ತೆಗೆದುಕೊಂಡು ಮಾರಿದ ಆಟವನ್ನು ಆಡುವ ಸ್ಥಿತಿಗೆ ತರುವುದು ಅದರ ಉದ್ದೇಶ. ಆಗಿದ್ದೇನೆಂದರೆ, ಆಟದೊಳಗಿನ ಟಕೆಮುರಾ ಎಂಬವನು ಫೋನ್ ಮಾಡುತ್ತಾನೆ, ಆದರೆ ತುಟಿ ಪಿಟಕ್ಕೆನ್ನುವುದಿಲ್ಲ. ಅವನು ಮಾತಾಡದೆ ಕಥೆ ಮುಂದೆ ಹೋಗುವಂತಿಲ್ಲ. ಕಂಪನಿಯವರು ಕೊಟ್ಟ ಪರಿಹಾರ ಹೀಗಿತ್ತು: ಆ ಕರೆ ಬರುವ ಮುಂಚಿನ ಸೇವ್ (ಆಟ ಎಲ್ಲಿಗೆ ಬಂದಿತ್ತೆಂದು ಉಳಿಸಿಟ್ಟ ಫೈಲ್) ಲೋಡ್ ಮಾಡಿ, ವಕಾಕೋ ಎಂಬಾಕೆಯ ಅಂಗಡಿಯಿಂದ ಹೊರಗೆ ಕಾಲಿಟ್ಟ ಕೂಡಲೇ ಆಟದ ಗಡಿಯಾರವನ್ನು 23 ಗಂಟೆ ಮುಂದಕ್ಕೆ ತಳ್ಳಿ, ಆಮೇಲೆ ಮಾತಾಡುತ್ತಾನೋ ನೋಡಿ. 22 ಅಲ್ಲ, 24 ಅಲ್ಲ, 23. ಮುಹೂರ್ತ ಇಡುವ ಜೋಯಿಸರೂ ಇಷ್ಟು ಕರಾರುವಾಕ್ಕಾಗಿ ಹೇಳಲಾರರು. ಹಳೆಯ ಸೇವ್ ಇಟ್ಟುಕೊಳ್ಳದವನ ಪಾಡು? ಇಟ್ಟುಕೊಳ್ಳಬೇಕಿತ್ತು, ತಪ್ಪು ಅವನದೇ.

ಇದಕ್ಕೂ ಮೊದಲು, ಡಿಸೆಂಬರಿನಲ್ಲಿ, ಅದೇ ಆಟದ ಪಿಸಿ ಆವೃತ್ತಿಯಲ್ಲಿ ಸೇವ್ ಫೈಲ್ 8 ಎಂಬಿ ದಾಟಿದರೆ ಕೆಟ್ಟುಹೋಗುತ್ತಿತ್ತು, ಶಾಶ್ವತವಾಗಿ. ಸಿಕ್ಕಸಿಕ್ಕಲ್ಲಿ ಸಾಮಾನು ಬಾಚಿಕೊಂಡು, ಬಿಡಿಭಾಗ ಕೂಡಿಸಿ ಹೊಸದು ಮಾಡು ಎಂದು ಹುರಿದುಂಬಿಸುವ ಆಟ ಇದು. ಬಾಚಿದಷ್ಟೂ ಫೈಲ್ ಊದಿಕೊಳ್ಳುತ್ತದೆ. ಗ್ರಾಹಕರಿಗೆ ಬಂದ ಸಲಹೆ: ಸಾಮಾನು ಕಡಿಮೆ ಇಟ್ಟುಕೊಳ್ಳಿ. ಅಪರಿಗ್ರಹ ವ್ರತವನ್ನು ಬಾಹುಬಲಿಯ ನಾಡಿನವರಾದ ನಮಗೆ ಪೋಲೆಂಡಿನ ಕಂಪನಿ ಬೋಧಿಸಿದ್ದು ಚರಿತ್ರೆಯಲ್ಲಿ ಇದೇ ಮೊದಲಿರಬೇಕು. 1.06 ಪ್ಯಾಚ್ ಆ ಮಿತಿಯನ್ನೇನೋ ತೆಗೆಯಿತು. ಅಷ್ಟರಲ್ಲಿ ಕೆಟ್ಟ ಸೇವ್‌ಗಳು ಕೆಟ್ಟಂತೆಯೇ ಉಳಿದವು.

ದೂರು ಕೊಟ್ಟರೆ ಎಲ್ಲ ಕಂಪನಿಗಳ ಮೊದಲ ಉತ್ತರ ಒಂದೇ: ಆಟಗಳನ್ನು ಮಾರುವ, ಇಳಿಸಿಕೊಡುವ ಸ್ಟೀಮ್ ಎಂಬ ತಂತ್ರಾಂಶದಲ್ಲಿ ಆಟದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಫೈಲುಗಳನ್ನು ವೆರಿಫೈ ಮಾಡಿ. ಅದು ನಿಮ್ಮ ಡಿಸ್ಕಿನ ಫೈಲುಗಳನ್ನು ಕಂಪನಿ ಈಗಷ್ಟೇ ಕಳಿಸಿದ ಫೈಲುಗಳ ಜೊತೆ ತಾಳೆ ನೋಡುತ್ತದೆ. ಹತ್ತು ಹದಿನೈದು ನಿಮಿಷ ಡಿಸ್ಕ್ ಕರಕರ ಎಂದಮೇಲೆ ‘ಎಲ್ಲ ಸರಿಯಾಗಿದೆ’ ಎಂಬ ಫಲಿತಾಂಶ ಬರುತ್ತದೆ. ಅಂದರೆ ಬಗ್ (ಆಟದೊಳಗಿನ ದೋಷ) ಒಂದು ಬೈಟೂ ಸೋರಿಹೋಗದೆ ನಿಮ್ಮ ಮನೆಗೆ ಕ್ಷೇಮವಾಗಿ ತಲುಪಿದೆ ಎಂದು ಖಾತ್ರಿಯಾಯಿತು. ಆಮೇಲೆ ಶೇಡರ್ ಕ್ಯಾಶ್ (ಚಿತ್ರ ಮೂಡಿಸಲು ಕೂಡಿಟ್ಟ ತಾತ್ಕಾಲಿಕ ಫೈಲುಗಳು) ಅಳಿಸಿ, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಆಟಗಾರರೇ ಮಾಡಿ ಸೇರಿಸುವ ಮಾಡ್‌ಗಳನ್ನು ತೆಗೆಯಿರಿ, ಕೊನೆಗೆ ಇಡೀ ಆಟವನ್ನೇ ತೆಗೆದು ಮತ್ತೆ ಹಾಕಿ. ದಿನಕ್ಕೆ 2 ಜಿಬಿ ಪ್ಯಾಕಿನವನಿಗೆ 70 ಜಿಬಿ ಅಂದರೆ ಐದು ವಾರದ ಕೆಲಸ. ಅಷ್ಟರೊಳಗೆ ಮುಂದಿನ ಪ್ಯಾಚ್ ಬಂದಿರುತ್ತದೆ, ಸಮಸ್ಯೆಯೂ ಬದಲಾಗಿರುತ್ತದೆ.

ಎರಡು ಸಾಲಿನ ರಿಪೇರಿಗೆ ಇಪ್ಪತ್ತು ಜಿಬಿ ಏಕೆ ಎಂದು ಕೇಳುವವರಿದ್ದಾರೆ. ಸ್ಟೀಮ್ ಫೈಲನ್ನು ಸುಮಾರು 1 ಎಂಬಿಯ ತುಂಡುಗಳಾಗಿ ನೋಡಿ, ಬದಲಾದ ತುಂಡುಗಳನ್ನು ಮಾತ್ರ ತರಿಸುತ್ತದೆ. ಆದರೆ ಡೆವಲಪರ್‌ಗಳು ಸಾವಿರಾರು ಫೈಲುಗಳನ್ನು ಒಂದು ದೈತ್ಯ ಪ್ಯಾಕಿಗೆ ತುರುಕಿ, ಒತ್ತಿ, ಪ್ರತಿ ಸಲವೂ ಹೊಸ ಕ್ರಮದಲ್ಲಿ ಕಟ್ಟಿದರೆ ಎಲ್ಲ ತುಂಡೂ ಬದಲಾದಂತೆಯೇ ಕಾಣುತ್ತದೆ. ಹಳೆಯ ಪ್ಯಾಕ್ ಪಕ್ಕದಲ್ಲೇ ಹೊಸದನ್ನು ಕಟ್ಟಬೇಕಾದ್ದರಿಂದ ಡಿಸ್ಕಿನಲ್ಲಿ ಅಷ್ಟೇ ಖಾಲಿ ಜಾಗವೂ ಬೇಕು. ಜಾಗ ಇಲ್ಲವೇ? ಬೇರೆ ಆಟ ತೆಗೆಯಿರಿ. ಅಡ್ಜಸ್ಟ್ ಮಾಡ್ಕೊಳ್ಳಿ.

ಸತ್ತ ಬಗ್ ಎದ್ದು ಬರುವುದು ಇನ್ನೊಂದು ಪವಾಡ. ‘ಫಾಲ್ಔಟ್ 76’ರಲ್ಲಿ ಬೀಗ ತೆಗೆಯುವ ಹೇರ್‌ಪಿನ್ ಒಂದಕ್ಕೆ 0.1 ತೂಕವಿತ್ತು, ನೂರು ಪಿನ್ ಹೊತ್ತವನಿಗೆ ಹತ್ತು ಭಾರ. ಜನ ಗೋಳಾಡಿದ ಮೇಲೆ ಅದನ್ನು 0.001ಕ್ಕೆ ಇಳಿಸಿದರು. 2019ರ ಜನವರಿಯ ಪ್ಯಾಚ್‌ನಲ್ಲಿ ಪಿನ್‌ಗಳು ಮತ್ತೆ ಭಾರವಾದವು, ಜೊತೆಗೆ ಇನ್ನಷ್ಟು ಹಳೆಯ ಬಗ್‌ಗಳೂ ಊರಿಗೆ ಮರಳಿದವು. ಇಂಥದ್ದು ಆಗುವ ದಾರಿ ಬೆಂಗಳೂರಿನ ಯಾವ ಟೆಸ್ಟಿಂಗ್ ಎಂಜಿನಿಯರಿಗೂ ಗೊತ್ತು: ಅವಸರದ ರಿಪೇರಿ ಕೋಡಿನ ಒಂದು ಪ್ರತಿಯಲ್ಲಿ (ಬ್ರಾಂಚಿನಲ್ಲಿ), ಮುಂದಿನ ಬಿಲ್ಡ್ ಇನ್ನೊಂದು ಬ್ರಾಂಚಿನಿಂದ, ನಡುವೆ ಎರಡನ್ನೂ ಕೂಡಿಸುವ ಮರ್ಜ್ ಮರೆತುಹೋದರೆ ಮುಗಿಯಿತು. ಹಗಲು ಇದನ್ನು ಹಿಡಿಯಲು ಸಂಬಳ ಎಣಿಸುವ ಆ ಮಹಾಶಯ ರಾತ್ರಿ ಅದೇ ಕೆಲಸವನ್ನು ಕೈಯಿಂದ ದುಡ್ಡು ಹಾಕಿ ಮಾಡುತ್ತಾನೆ.

‘ಡೆಸ್ಟಿನಿ 2’ ಇನ್ನೂ ಶಿಸ್ತಿನದು. 2020ರ ಜನವರಿ 28ರ ಅಪ್‌ಡೇಟ್ ಆಟಗಾರರು ಕೂಡಿಟ್ಟ ಹಣ, ಸಾಮಗ್ರಿಯನ್ನು ನುಂಗಿತು. ಬಂಗೀ ಕಂಪನಿ ಎಲ್ಲರ ಖಾತೆಯನ್ನೂ ಅಪ್‌ಡೇಟಿನ ಹಿಂದಿನ ಗಳಿಗೆಗೆ ತಿರುಗಿಸಿತು. ಸರಿಯಾಗಿ ಎರಡು ವಾರಕ್ಕೆ, ಫೆಬ್ರವರಿ 11ಕ್ಕೆ, ಅದೇ ಬಗ್, ಅದೇ ನುಂಗಾಟ, ಅದೇ ತಿರುಗಾಟ. ಕೆಲವು ಸರ್ವರ್‌ಗಳು ರಿಪೇರಿಯಿಲ್ಲದ ಹಳೆಯ ಆವೃತ್ತಿಯಲ್ಲೇ ಎದ್ದು ಕೂತಿದ್ದವಂತೆ. (ಇಂಥ ದಿನಗಳಲ್ಲೂ ಪಾತ್ರಗಳಿಗೆ ತೊಡಿಸುವ ಸ್ಕಿನ್ ಮಾರುವ ಆಟದೊಳಗಿನ ಅಂಗಡಿಗಳ ಬಾಗಿಲು ಮಾತ್ರ ಹೇಗೆ ಸಲೀಸಾಗಿ ತೆರೆದುಕೊಳ್ಳುತ್ತದೋ!)

ಹಾಗಾದರೆ ಅಪ್‌ಡೇಟ್ ಬೇಡ ಎನ್ನಬಹುದೇ? ಸ್ಟೀಮ್‌ನಲ್ಲಿ ‘ಆಟ ತೆರೆದಾಗ ಮಾತ್ರ ಅಪ್‌ಡೇಟ್ ಮಾಡು’ ಎಂಬ ಆಯ್ಕೆ ಇದೆ, ‘ಬೇಡವೇ ಬೇಡ’ ಎಂಬುದಿಲ್ಲ. ಆಫ್‌ಲೈನ್ ಮೋಡ್‌ಗೆ ಹೋದರೆ ಹಳೆಯದನ್ನೇ ಆಡಬಹುದು. ಪ್ರಾಪರ್ಟೀಸ್‌ನ ಬೀಟಾ ಪಟ್ಟಿಯಲ್ಲಿ ಹಿಂದಿನ ಆವೃತ್ತಿ ಸಿಗುವುದು ಡೆವಲಪರ್ ದಯೆಯಿಟ್ಟು ಇಟ್ಟಿದ್ದರೆ ಮಾತ್ರ. ಹೊಸ ಆವೃತ್ತಿಯಲ್ಲಿ ಮಾಡಿದ ಸೇವ್ ಹಳೆಯದರಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ, ಸೇವ್‌ನ ಪ್ರತಿಯನ್ನು ಇಂಟರ್‌ನೆಟ್ಟಿನಲ್ಲಿ ಇಟ್ಟುಕೊಳ್ಳುವ ಕ್ಲೌಡ್ ಬೇರೆ ಒಳ್ಳೆಯದರ ಮೇಲೆ ಕೆಟ್ಟದ್ದನ್ನು ಬರೆದು ಕೈತೊಳೆದುಕೊಳ್ಳುತ್ತದೆ. ಆದ್ದರಿಂದ ಪ್ಯಾಚಿಗೆ ಮುಂಚೆ ಸೇವ್ ಫೋಲ್ಡರನ್ನು ಬೇರೆಡೆ ಕಾಪಿ ಮಾಡಿಡಿ.

ಸೇವ್ ಹೋದವರು ಐಸ್‌ಲ್ಯಾಂಡಿನ ‘ಈವ್ ಆನ್‌ಲೈನ್’ ಆಡುತ್ತಿದ್ದವರನ್ನು ನೆನೆದು ಸಮಾಧಾನ ಪಡಬೇಕು. ಆ ಆಟಕ್ಕೆ ಬೂಟ್.ಐಎನ್‌ಐ ಎಂಬ ತನ್ನದೇ ಫೈಲ್ ಇತ್ತು. ವಿಂಡೋಸ್ ಎಕ್ಸ್‌ಪಿಗೂ ಸಿ ಡ್ರೈವಿನ ಬುಡದಲ್ಲಿ ಅದೇ ಹೆಸರಿನ ಫೈಲ್ ಇತ್ತು, ಕಂಪ್ಯೂಟರ್ ಏಳುವುದು ಅದನ್ನು ಓದಿಯೇ. 2007ರ ಡಿಸೆಂಬರಿನ ‘ಟ್ರಿನಿಟಿ’ ಅಪ್‌ಡೇಟ್ ತನ್ನ ಫೈಲ್ ಅಳಿಸಹೋಗಿ ವಿಂಡೋಸಿನದನ್ನು ಅಳಿಸಿತು. ಹಲವರ ಕಂಪ್ಯೂಟರ್ ಮೇಲೇಳಲೇ ಇಲ್ಲ. ರಿಪೇರಿ ಮಾಡುವ ಕ್ರಮವನ್ನು ಕಂಪನಿ ಚಾಚೂ ತಪ್ಪದೆ ಇಂಟರ್‌ನೆಟ್ಟಿನಲ್ಲಿ ಹಾಕಿತು. ಓದಲು ಇನ್ನೊಂದು ಕಂಪ್ಯೂಟರ್ ಬೇಕಿತ್ತು, ಅಷ್ಟೆ.