ಬೇಕಾದ ಕಾಲೇಜನ್ನೇ ಮೊದಲು ಬರೆಯಿರಿ

ಮೊನ್ನೆ ಅಕ್ಕನ ಮಗಳು ಸಿಇಟಿ ಆಪ್ಷನ್ ಎಂಟ್ರಿಗೆ, ಅಂದರೆ ಎಂಜಿನಿಯರಿಂಗ್ ಸೀಟಿಗಾಗಿ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವುದಕ್ಕೆ, ಪಟ್ಟಿ ಮಾಡಿಕೊಂಡು ಬಂದಿದ್ದಳು. ನೋಟ್‌ಬುಕ್ಕಿನಲ್ಲಿ ನೀಟಾಗಿ ಬರೆದ ಹನ್ನೆರಡು ಕಾಲೇಜು. ಅವಳಿಗೆ ಆಸೆ ಇದ್ದದ್ದು ಬೆಂಗಳೂರಿನ ಯುವಿಸಿಇ (ಯೂನಿವರ್ಸಿಟಿ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು) ಮೇಲೆ. 1917ರಲ್ಲಿ ಸರ್ ಎಂ.ವಿ. ಕಟ್ಟಿದ ಕಾಲೇಜು, ಸರ್ಕಾರಿ ಫೀಸು. ಪಟ್ಟಿಯಲ್ಲಿ ಅದೇ ಇರಲಿಲ್ಲ!

"ಮಾಮ, ಹೋದ ವರ್ಷದ ಕಟ್‌ಆಫ್ ನೋಡಿದೆ. ನಂಗೆ ಸಿಗಲ್ಲ. ಸುಮ್ನೆ ಯಾಕೆ ಒಂದು ಆಪ್ಷನ್ ವೇಸ್ಟ್ ಮಾಡೋದು?"

ಈ ಮಾತನ್ನು ಪ್ರತಿ ವರ್ಷ ಕೇಳುತ್ತೇನೆ. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಇಲ್ಲಿ ವೇಸ್ಟ್ ಅನ್ನೋದೇ ಇಲ್ಲ. ಎಷ್ಟು ಆಪ್ಷನ್ ಬೇಕಾದರೂ ಹಾಕಬಹುದು. ಕಂಪ್ಯೂಟರ್ ರ್‍ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತದೆ. ಮೊದಲನೆಯದು ಖಾಲಿ ಇಲ್ಲವಾ, ಎರಡನೆಯದು. ಅದೂ ಇಲ್ಲವಾ, ಮೂರನೆಯದು. ಮೇಲಿನ ಹತ್ತು ಸಿಗದೇ ಹೋದರೂ ಹನ್ನೊಂದನೆಯದರ ಮೇಲಿನ ನಿಮ್ಮ ಹಕ್ಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೆ 'ಇದು ಗ್ಯಾರಂಟಿ' ಅಂತ ಒಂದನ್ನು ಮೇಲೆ ಬರೆದಿರೋ, ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತದೆ. ಕೆಳಗೆ ಅದಕ್ಕಿಂತ ಒಳ್ಳೆಯದು ಖಾಲಿ ಇದ್ದರೂ ನೋಡುವುದಿಲ್ಲ.

ನಮ್ಮ ಕಾಲದಲ್ಲಿ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ ಕೌನ್ಸೆಲಿಂಗ್‌ನಲ್ಲಿ ಕೂರಬೇಕಿತ್ತು. ರಾತ್ರಿ ಬಸ್ಸು, ನಿದ್ದೆ ಇಲ್ಲ, ಎಲ್ಲಾ ಕಷ್ಟ. ಆದರೆ ಉಳಿದಿರುವ ಸೀಟುಗಳು ಕಣ್ಣೆದುರಿಗೇ ಇರುತ್ತಿದ್ದವು. ಅದರಲ್ಲಿ ಒಂದನ್ನು ಆರಿಸಿದರೆ ಆಯಿತು. ಈಗಿನ ಮಕ್ಕಳು ಏನೂ ಕಾಣದೆ ಮೊದಲೇ ಪಟ್ಟಿ ಕೊಡಬೇಕು. ಹೆದರಿಕೆ ಆಗದೇ ಇರುತ್ತದೆಯೇ? ಪಿಯು ಕಾಲೇಜಿನಲ್ಲಿ ಎರಡು ವರ್ಷ ಓದಿಸುತ್ತಾರೆ. ಇದನ್ನು ಹೇಳಿಕೊಡಲು ಒಂದು ಗಂಟೆ ಸಾಕು. ಹೇಳುವವರೇ ಕಡಿಮೆ.

ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ರ್‍ಯಾಂಕಿಗೆ (ಎಂಜಿನಿಯರಿಂಗ್‌ಗೆ) ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ.

ನನಗೆ ಜಾಸ್ತಿ ನೋವು ಕೊಡುವುದು ಕಾಗದಪತ್ರದ ವಿಷಯ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ 15% ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದವರಿಗೆ 5%. ನಮ್ಮ ಬೀದಿಯ ಹುಡುಗನೊಬ್ಬ ಎರಡಕ್ಕೂ ಅರ್ಹ. ಏಳನೇ ತರಗತಿವರೆಗೆ ಒಂದು ಶಾಲೆ, ಆಮೇಲೆ ಪಕ್ಕದೂರಿನ ಹೈಸ್ಕೂಲು. ವ್ಯಾಸಂಗ ಪ್ರಮಾಣಪತ್ರ ಎರಡೂ ಕಡೆಯಿಂದ ಬೇಕು, ಎರಡಕ್ಕೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಹೈಸ್ಕೂಲಿನದು ಮಾತ್ರ ತಂದಿದ್ದ. ಇನ್ನೊಂದಕ್ಕೆ ಓಡಾಡುವಷ್ಟರಲ್ಲಿ ದಿನ ಮುಗಿದಿತ್ತು. ಹತ್ತು ವರ್ಷ ನಡೆದುಕೊಂಡು ಹೋಗಿ ಓದಿದ ಹುಡುಗ, ಒಂದು ಹಾಳೆ ಇಲ್ಲದ್ದಕ್ಕೆ ಆ ಹಕ್ಕು ಕಳೆದುಕೊಂಡ. ಅವತ್ತು ಅವನ ಅಮ್ಮ ನಮ್ಮ ಜಗಲಿ ಮೇಲೆ ಕೂತು, "ಮೊದಲೇ ಯಾರಾದ್ರೂ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಣ್ಣ" ಅಂದರು. ಆ ಯಾರಾದರೂ ನಾನೇ ಆಗಬಹುದಿತ್ತು.

ದಯವಿಟ್ಟು ದ್ವಿತೀಯ ಪಿಯುಗೆ ಸೇರಿದ ತಿಂಗಳಲ್ಲೇ ಈ ಕಾಗದಗಳನ್ನು ಮಾಡಿಸಿಡಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ (ಆ ಪತ್ರದ ಮೇಲಿರುವ ಸಂಖ್ಯೆ), ಅದರಲ್ಲಿರುವ ಹೆಸರು ಕೂಡ ಒಮ್ಮೆ ನೋಡಿಕೊಳ್ಳಿ, ಹೆಸರಿನ ಒಂದು ಅಕ್ಷರ ಬೇರೆ ಇದ್ದರೂ ತಲೆನೋವು.

ಅಕ್ಕನ ಮಗಳ ಪಟ್ಟಿಯಲ್ಲಿ ಈಗ 46 ಆಪ್ಷನ್ ಇವೆ. ಮೊದಲನೆಯದು ಯುವಿಸಿಇ. ನಿನ್ನೆ ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಬಂತು, ಹದಿಮೂರನೆಯದು ತೋರಿಸುತ್ತಿದೆ. ನೋಟ್‌ಬುಕ್ಕಿನಲ್ಲಿ ಮೊದಲು ಬರೆದಿದ್ದ ಕಾಲೇಜು ಈಗ ಇಪ್ಪತ್ತೊಂದನೇ ಜಾಗದಲ್ಲಿದೆ. ನಿಜವಾದ ಸೀಟು ಹಂಚಿಕೆಗೆ ಮುಂಚೆ ಪಟ್ಟಿ ಬದಲಿಸಲು ಇನ್ನೂ ಅವಕಾಶ ಇದೆ. ಈ ಭಾನುವಾರ ಬೆಳಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಹತ್ತಿರದವರು ಮಕ್ಕಳನ್ನು ಕರೆದುಕೊಂಡು ಬನ್ನಿ, ಕೂತು ನೋಡೋಣ.