ಬಾಗಿಲು ಹಾಕಿದ ಲಂಡನ್ನು

ಲಂಡನ್ನಿನಲ್ಲಿ ನಾವು ಇಳಿದುಕೊಂಡಿದ್ದ ಹೋಟೆಲಿನ ಲಿಫ್ಟಿನೊಳಗೆ ಡಿಸೆಂಬರ್ 23ರ ಸಂಜೆ ಯಾರೋ ಒಂದು ಹಾಳೆ ಅಂಟಿಸಿದ್ದರು. 25ನೇ ತಾರೀಕು ನೆಲದಡಿಯ ರೈಲಾಗಲಿ, ಬಸ್ಸಾಗಲಿ, ಹೊರ ಊರುಗಳಿಗೆ ಹೋಗುವ ರೈಲಾಗಲಿ ಓಡುವುದಿಲ್ಲವೆಂದೂ ಅತಿಥಿಗಳು ತಮ್ಮ ಓಡಾಟದ ಏರ್ಪಾಡನ್ನು ತಾವೇ ಮಾಡಿಕೊಳ್ಳಬೇಕೆಂದೂ ಅದರಲ್ಲಿ ಬಹಳ ವಿನಯದಿಂದ ತಿಳಿಸಲಾಗಿತ್ತು. ಹಬ್ಬದ ದಿನವಾದ್ದರಿಂದ ಗಾಡಿಗಳು ಕಡಿಮೆ ಇರುತ್ತವೆ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿ, "ರೀ, ಕಡಿಮೆ ಅಲ್ಲ, ಇಲ್ಲವೇ ಇಲ್ಲ ಅಂತ ಬರೆದಿದ್ದಾರೆ" ಎಂದಳು.

ಜಗತ್ತಿನ ಮೊದಲ ನೆಲದಡಿಯ ರೈಲನ್ನು 1863ರಲ್ಲೇ ಓಡಿಸಿದ ಊರು ವರ್ಷಕ್ಕೊಂದು ದಿನ ಅದಕ್ಕೆ ಪೂರ್ತಿ ಬೀಗ ಹಾಕುತ್ತದೆ ಎಂಬ ಸಂಗತಿ ವಿಮಾನದ ಟಿಕೆಟು ಮಾಡಿಸುವಾಗ ನಮಗೆ ಹೊಳೆದಿರಲಿಲ್ಲ. ನಾನು ಬಹಳ ಮುತುವರ್ಜಿಯಿಂದ ತಯಾರಿಸಿದ ಪಟ್ಟಿಯಲ್ಲಿ 25ರ ಎದುರಿಗೆ ಲಂಡನ್ ಟವರ್ ಎಂದು ಬರೆದು ಅಡಿಗೆರೆಯನ್ನೂ ಎಳೆದಿದ್ದೆ. ಆ ಟವರೂ ಬ್ರಿಟಿಷ್ ಮ್ಯೂಸಿಯಮ್ಮೂ ನ್ಯಾಷನಲ್ ಗ್ಯಾಲರಿಯೂ 24ರಿಂದ 26ರವರೆಗೆ ಮುಚ್ಚಿರುತ್ತವೆಂದು ಆ ರಾತ್ರಿ ತಿಳಿಯಿತು. ಕೊನೆಗೆ ಅಂಗಡಿಗಳನ್ನಾದರೂ ಸುತ್ತಿಕೊಂಡು ಬರೋಣವೆಂದರೆ ಅದಕ್ಕೂ ಕಾನೂನು ಅಡ್ಡ ನಿಂತಿತ್ತು: 280 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿ ಕ್ರಿಸ್‌ಮಸ್ ದಿನ ವ್ಯಾಪಾರ ಮಾಡಕೂಡದೆಂದು ಅಲ್ಲಿ 2004ರಲ್ಲಿ ಕಾಯ್ದೆಯನ್ನೇ ಮಾಡಿದ್ದಾರೆ. ಊರು ನೋಡಲು ಅಷ್ಟು ದೂರ ಬಂದು, ಊರೇ ಒಳಗಿನಿಂದ ಅಗಳಿ ಹಾಕಿಕೊಂಡರೆ ನೋಡುವುದಾದರೂ ಏನನ್ನು ಎಂಬ ಚಿಂತೆಯಲ್ಲಿ ನಾನು ಮಲಗಿದೆ.

ಅಲ್ಲಿಯವರೆಗೆ ನಾವು ನೋಡಿದ್ದೂ ಅಷ್ಟರಲ್ಲೇ ಇತ್ತು ಎಂದು ಈಗ ಅನ್ನಿಸುತ್ತದೆ. ಡಿಸೆಂಬರಿನ ಕೊನೆಯಲ್ಲಿ ಲಂಡನ್ನಿನ ಸೂರ್ಯ ಸಂಜೆ ನಾಲ್ಕಾಗುವ ಮೊದಲೇ ಮುಳುಗಿಬಿಡುತ್ತಾನೆ. ಆ ದೀರ್ಘ ಕತ್ತಲೆಯಲ್ಲಿ ಬೀದಿಗೆ ಬೀದಿಯೇ ದೀಪ ಹಚ್ಚಿಕೊಳ್ಳುವುದರ ಅರ್ಥ ಅಲ್ಲಿ ಎರಡು ದಿನ ಇದ್ದವರಿಗೂ ತಿಳಿಯುತ್ತದೆ. ರೀಜೆಂಟ್ ಸ್ಟ್ರೀಟಿನಲ್ಲಿ ಈ ದೀಪಗಳು ಮೊದಲು ಹತ್ತಿದ್ದು 1954ರಲ್ಲಿ. ಯುದ್ಧಕಾಲದಲ್ಲಿ ಆರಂಭವಾದ ಆಹಾರದ ಪಡಿತರ ಕೊನೆಯಾದದ್ದೂ ಅದೇ ವರ್ಷದ ಜುಲೈನಲ್ಲಿ. ಅಷ್ಟು ವರ್ಷ ಸಕ್ಕರೆಯನ್ನೂ ಬೆಣ್ಣೆಯನ್ನೂ ಅಳೆದು ತಿಂದ ಜನರಿಗೆ ಆ ಮೊದಲ ದೀಪಗಳು ಹೇಗೆ ಕಂಡಿರಬಹುದೆಂದು ಯೋಚಿಸುತ್ತ ನಾನು ತಲೆಯೆತ್ತಿ ನಡೆಯುತ್ತಿದ್ದೆ. ನನ್ನ ಎದುರಿನಿಂದಲೂ ಸಾವಿರಾರು ಜನ ತಲೆಯೆತ್ತಿಕೊಂಡೇ ಬರುತ್ತಿದ್ದುದರಿಂದ ಆ ಯೋಚನೆ ಬಹಳ ದೂರ ಸಾಗಲಿಲ್ಲ. ಬೆಳಕಿನ ದೇವದೂತರು ರೆಕ್ಕೆ ಬಿಚ್ಚಿ ತೂಗುವ ಆ ಬೀದಿಯಲ್ಲಿ ನನ್ನ ಹೆಂಡತಿ ಹೆಚ್ಚು ಹೊತ್ತು ಕಂಡದ್ದು ಮುಂದಿದ್ದವರ ಕೋಟಿನ ಬೆನ್ನನ್ನು; ದೇವದೂತರನ್ನು ಕಂಡದ್ದು ಅವರು ಎತ್ತಿಹಿಡಿದಿದ್ದ ಮೊಬೈಲಿನ ಪರದೆಯಲ್ಲಿ.

24ರ ಮಧ್ಯಾಹ್ನ ನಾವು ಮಾಡಿದ ಒಂದು ಸಾಹಸವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಲೆಸ್ಟರ್ ಸ್ಕ್ವೇರಿನಿಂದ ಕಾವೆಂಟ್ ಗಾರ್ಡನ್ನಿಗೆ ಹೋಗಬೇಕಾಗಿತ್ತು. ನೆಲದಡಿಯ ರೈಲಿನ ನಕ್ಷೆಯಲ್ಲಿ ಅವೆರಡೂ ಬೇರೆ ಬೇರೆ ನಿಲ್ದಾಣಗಳಾಗಿ, ನಡುವೆ ಗೌರವದ ಅಂತರವಿಟ್ಟುಕೊಂಡು ಕುಳಿತಿವೆ. ನಾವು ಆಳಕ್ಕೆ ಇಳಿದು, ರೈಲು ಹತ್ತಿ, ಕುಳಿತುಕೊಳ್ಳಬೇಕೆಂದು ಸೀಟು ಹುಡುಕುವಷ್ಟರಲ್ಲಿ ನಿಲ್ದಾಣ ಬಂದೇಬಿಟ್ಟಿತು. ಅಲ್ಲಿ ಮೇಲೆ ಬರಲು ಲಿಫ್ಟು, ಇಲ್ಲವಾದರೆ 193 ಮೆಟ್ಟಿಲು. ಲಿಫ್ಟಿನ ಮುಂದೆ ಜನಜಂಗುಳಿಯಲ್ಲಿ ನಾವು ನಿಂತ ಹೊತ್ತಿನಲ್ಲಿ ಆ ದಾರಿಯನ್ನು ನಾಲ್ಕು ಸಲ ನಡೆಯಬಹುದಾಗಿತ್ತು, ಏಕೆಂದರೆ ಆ ಎರಡು ನಿಲ್ದಾಣಗಳ ನಡುವಿನ ದೂರ ಸುಮಾರು 260 ಮೀಟರು, ಇಡೀ ಜಾಲದಲ್ಲೇ ಅತಿ ಚಿಕ್ಕ ಪ್ರಯಾಣ. ಇದರಲ್ಲಿ ನಮ್ಮ ದಡ್ಡತನದ ಪಾಲು ಇದ್ದರೂ ನಕ್ಷೆಯ ಪಾಲೂ ಇದೆ. 1933ರಲ್ಲಿ ಹೊರಬಂದ ಹ್ಯಾರಿ ಬೆಕ್ ಅವರ ಆ ನಕ್ಷೆ ದೂರವನ್ನು ತೋರಿಸುವ ಗೊಡವೆಗೇ ಹೋಗಲಿಲ್ಲ. ಯಾವ ಗೆರೆಯ ಮೇಲೆ ಯಾವ ನಿಲ್ದಾಣದ ನಂತರ ಯಾವುದು ಎಂಬುದಷ್ಟೇ ನೆಲದಡಿಯಲ್ಲಿ ಹೋಗುವವನಿಗೆ ಸಾಕು ಎಂದು ಅವರು ತಿಳಿದರು, ಸರಿಯಾಗಿಯೇ ತಿಳಿದರು. ಆದರೆ ನಮ್ಮಂಥ ಪರಸ್ಥಳದವರಿಗೆ ಆ ನಕ್ಷೆಯೇ ಊರಾಗಿಬಿಡುತ್ತದೆ. ಒಂದು ಬಿಲದಲ್ಲಿ ಇಳಿದು ಇನ್ನೊಂದು ಬಿಲದಲ್ಲಿ ಏಳುವ ಹೆಗ್ಗಣಕ್ಕೆ ಹೊಲದ ಪರಿಚಯ ಎಷ್ಟಿದ್ದೀತೋ ನಾಲ್ಕು ದಿನವಾದ ಮೇಲೆ ನಮಗೂ ಲಂಡನ್ನಿನ ಪರಿಚಯ ಅಷ್ಟೇ ಇತ್ತು.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಎಂಟು ಗಂಟೆಗೆ ಪ್ಯಾಡಿಂಗ್ಟನ್ನಿನ ಬೀದಿಗೆ ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹಿಂದಿನ ಸಂಜೆ ಚಕ್ರದ ಪೆಟ್ಟಿಗೆಗಳ ಗಡಗಡ ಸದ್ದಿನಿಂದ ತುಂಬಿದ್ದ ಬೀದಿಯಲ್ಲಿ ನಮ್ಮ ಬೂಟುಗಳ ಸದ್ದು ನಮಗೇ ಕೇಳಿಸುತ್ತಿತ್ತು. ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಿದ್ದರೂ ಸಿಗ್ನಲ್ ದೀಪಗಳು ಮಾತ್ರ ಕೆಂಪಾಗಿ, ಹಳದಿಯಾಗಿ, ಹಸಿರಾಗಿ ತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿದ್ದವು. ನನ್ನ ಹೆಂಡತಿ ಹಸಿರು ಮನುಷ್ಯ ಕಾಣಿಸುವವರೆಗೂ ಆ ನಿರ್ಜನ ರಸ್ತೆಯ ಅಂಚಿನಲ್ಲಿ ನಿಂತೇ ಇದ್ದಳು. ಯಾರೂ ಇಲ್ಲವಲ್ಲ, ಬಾ ಎಂದೆ. "ಅವರ ಮನೆ, ಅವರ ಪದ್ಧತಿ" ಎಂದಳು.

ಹೈಡ್ ಪಾರ್ಕಿನ ಸರ್ಪೆಂಟೈನ್ ಕೆರೆಯ ದಂಡೆಯಲ್ಲಿ ಮಾತ್ರ ಒಂದು ಗುಂಪು ಸೇರಿತ್ತು. 1864ರಲ್ಲಿ ಹುಟ್ಟಿದ ಅಲ್ಲಿನ ಈಜುಗಾರರ ಸಂಘದ ಸದಸ್ಯರು ಪ್ರತಿ ಕ್ರಿಸ್‌ಮಸ್ ದಿನ ಬೆಳಿಗ್ಗೆ ಒಂಬತ್ತಕ್ಕೆ ಆ ಕೊರೆಯುವ ನೀರಿನಲ್ಲಿ ನೂರು ಗಜ ಈಜುತ್ತಾರೆ. ಗೆದ್ದವರಿಗೆ ಕೊಡುವ ಬಟ್ಟಲಿಗೆ 1904ರಿಂದ ಪೀಟರ್ ಪ್ಯಾನ್ ಕಪ್ ಎಂಬ ಹೆಸರು. ಕೈಗವಸು, ಉಣ್ಣೆಯ ಟೋಪಿ, ಎರಡು ಸ್ವೆಟರುಗಳೊಳಗೆ ನಡುಗುತ್ತಿದ್ದ ನನ್ನ ಮುಂದೆಯೇ ನನಗಿಂತ ಹಿರಿಯರಾದ ಒಬ್ಬರು ಬರೀ ಚಡ್ಡಿಯಲ್ಲಿ ನಿಂತು, ಸಂಜೆಯ ಔತಣದ ವಿಷಯವನ್ನು ಪಕ್ಕದವರೊಡನೆ ನಿಧಾನವಾಗಿ ಮಾತಾಡುತ್ತಿದ್ದರು. ಅನಂತರ ಎಲ್ಲರೂ ನೀರಿಗೆ ಬಿದ್ದರು, ಎದ್ದರು, ನಕ್ಕರು. ಎರಡು ಮೂರು ನಿಮಿಷಗಳಲ್ಲಿ ಮುಗಿದುಹೋದ ಈ ಸಂಭ್ರಮಕ್ಕೆ ಟಿಕೆಟೂ ಇರಲಿಲ್ಲ, ಸರತಿಯೂ ಇರಲಿಲ್ಲ. ನೋಡಿದ ನನಗೆ ಮೈ ಬೆಚ್ಚಗಾದದ್ದು ಹೇಗೆಂದು ಮಾತ್ರ ತಿಳಿಯದು.

ಪಾರ್ಕಿನ ಇನ್ನೊಂದು ತುದಿಯಲ್ಲಿ ಹಿಂದಿನ ರಾತ್ರಿಯವರೆಗೂ ಕಿವಿಗಡಚಿಕ್ಕುತ್ತಿದ್ದ ಚಳಿಗಾಲದ ಜಾತ್ರೆ ಬೇಲಿಯ ಹಿಂದೆ ಮಲಗಿತ್ತು. ಪಿಕಡಿಲಿಯುದ್ದಕ್ಕೂ ಅಂಗಡಿಗಳ ಗಾಜಿನ ಹಿಂದೆ ಬೊಂಬೆಗಳು ಹಬ್ಬದ ಉಡುಪಿನಲ್ಲಿ ನಿಂತಿದ್ದವು. ಕೊಳ್ಳುವ ಸಾಧ್ಯತೆಯೇ ಇಲ್ಲದ್ದರಿಂದ ನನ್ನ ಹೆಂಡತಿ ಒಂದೊಂದನ್ನೂ ನಿಂತು ನೋಡಿದಳು, ನಾನೂ ಅವಸರ ಮಾಡಲಿಲ್ಲ. ಪಿಕಡಿಲಿ ಸರ್ಕಸ್ಸಿನ ಜಾಹೀರಾತಿನ ಪರದೆ ಯಾರಿಗೋ ಏನನ್ನೋ ಮಾರಲು ಬಣ್ಣ ಬದಲಿಸುತ್ತಲೇ ಇತ್ತು. ಅದರ ಮುಂದೆ ನಮ್ಮ ಹಾಗೆಯೇ ಪಟ್ಟಿ ತಪ್ಪಿದ ಏಳೆಂಟು ಪ್ರವಾಸಿಗಳು ಮೆಟ್ಟಿಲ ಮೇಲೆ ಕುಳಿತಿದ್ದರು. ಹಿಂದಿನ ನಾಲ್ಕು ದಿನ ರೈಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರೂ ಕಣ್ಣಿಗೆ ಕಣ್ಣು ಕೂಡಿಸದಿದ್ದ ಊರಿನಲ್ಲಿ ಆ ದಿನ ಎದುರಿಗೆ ಬಂದವರೆಲ್ಲ ಹಬ್ಬದ ಶುಭಾಶಯ ಹೇಳಿ ಹೋದರು.

ಟ್ರಫಾಲ್ಗರ್ ಚೌಕದ ಕ್ರಿಸ್‌ಮಸ್ ಮರವನ್ನು ನಾವು ಮೊದಲು ನೋಡಿದ್ದು 22ರ ರಾತ್ರಿ, ಜನರ ತಲೆಗಳ ಮೇಲಿನಿಂದ; ಆಗ ನನಗೆ ನಿರಾಸೆಯೇ ಆಗಿತ್ತು. ರೀಜೆಂಟ್ ಸ್ಟ್ರೀಟಿನ ವೈಭವವನ್ನು ಕಂಡು ಬಂದ ಕಣ್ಣಿಗೆ, ನೆಟ್ಟಗೆ ಇಳಿಬಿಟ್ಟ ಬಿಳಿ ದೀಪದ ಸರಗಳನ್ನಷ್ಟೇ ತೊಟ್ಟ ಆ ಮರ ಬಡವರ ಮನೆಯ ಮದುವಣಗಿತ್ತಿಯ ಹಾಗೆ ಕಂಡಿತ್ತು. ಹಾಗೆ ಅನ್ನಿಸಿದ್ದು ನನಗೊಬ್ಬನಿಗೇ ಅಲ್ಲ; 2021ರಲ್ಲಂತೂ ಮರ ತೀರಾ ಸೊರಗಿದೆಯೆಂದು ಲಂಡನ್ನಿನವರೇ ಅಂತರ್ಜಾಲದಲ್ಲಿ ಬೇಕಾದಷ್ಟು ಆಡಿಕೊಂಡಿದ್ದರು. 25ರ ಬೆಳಿಗ್ಗೆ ಅದರ ಬುಡದಲ್ಲಿ ನಿಂತು, ಅಲ್ಲಿದ್ದ ಬರಹವನ್ನು ಅವಸರವಿಲ್ಲದೆ ಓದಿದ ಮೇಲೆ ನನಗೆ ನನ್ನ ಮಾತಿಗೆ ನಾಚಿಕೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ನಾರ್ವೆಯನ್ನು ಆಕ್ರಮಿಸಿದಾಗ ಅಲ್ಲಿನ ದೊರೆ ಏಳನೆಯ ಹಾಕನ್ ಮತ್ತು ಸರ್ಕಾರ 1940ರಲ್ಲಿ ಲಂಡನ್ನಿಗೆ ಬಂದು ನೆಲೆಸಿದ್ದರು. ಆ ಉಪಕಾರದ ನೆನಪಿಗಾಗಿ ಓಸ್ಲೊ ನಗರದವರು 1947ರಿಂದ ಪ್ರತಿ ವರ್ಷವೂ ತಮ್ಮ ಕಾಡಿನ ಒಂದು ಸ್ಪ್ರೂಸ್ ಮರವನ್ನು, ಇಪ್ಪತ್ತು ಮೀಟರಿಗೂ ಎತ್ತರದ್ದನ್ನು ಆರಿಸಿ ಕಡಿದು, ಕಡಲು ದಾಟಿಸಿ ಕಳುಹಿಸುತ್ತಾರೆ. ದೀಪದ ಸರಗಳು ಹಾಗೆ ನೆಟ್ಟಗೆ ಇಳಿಬಿದ್ದಿರುವುದೂ ಜಿಪುಣತನದಿಂದಲ್ಲ, ನಾರ್ವೆಯಲ್ಲಿ ಹಾಗೆಯೇ ಕಟ್ಟುತ್ತಾರೆ. "ತವರಿನಲ್ಲಿ ಉಡಿಸಿ ಕಳಿಸಿದ ಸೀರೆ ಅದು" ಎಂದಳು ನನ್ನ ಹೆಂಡತಿ. ಹಬ್ಬ ಮುಗಿದ ಮೇಲೆ ಅದೇ ಮರವನ್ನು ಸಣ್ಣಗೆ ಸಿಗಿದು ಗಿಡಗಳ ಬುಡಕ್ಕೆ ಹಾಸುತ್ತಾರಂತೆ. ಅವಳಿಗೆ ಅದನ್ನು ನಾನು ಆ ದಿನ ಹೇಳಲಿಲ್ಲ.

ವೈಟ್‌ಹಾಲ್ ಮೂಲಕ ಪಾರ್ಲಿಮೆಂಟಿನ ಕಡೆ ನಡೆದರೆ ಕಟ್ಟಡದ ಹೊರಗೆ, ಹದಿನೇಳನೆಯ ಶತಮಾನದಲ್ಲಿ ರಾಜನನ್ನು ಇಳಿಸಿ ದೇಶವಾಳಿದ ಕ್ರಾಮ್‌ವೆಲ್ಲನ ಪ್ರತಿಮೆಯಿದೆ. ಅವನ ಕಾಲದ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರಿಗೆ ಕ್ರಿಸ್‌ಮಸ್ಸಿನ ಕುಡಿತ ಕುಣಿತಗಳು ಸರಿಬರದೆ, 1647ರಲ್ಲಿ ಇದೇ ಪಾರ್ಲಿಮೆಂಟು ಹಬ್ಬವನ್ನೇ ರದ್ದು ಮಾಡಿತ್ತು. 1660ರಲ್ಲಿ ರಾಜ ಮರಳಿ ಬಂದ ಮೇಲೆಯೇ ಹಬ್ಬವೂ ಮರಳಿ ಬಂದದ್ದು. ಆಗ ಕ್ರಿಸ್‌ಮಸ್ ದಿನ ಅಂಗಡಿ ಮುಚ್ಚಿದರೆ ತಪ್ಪು, ಈಗ ದೊಡ್ಡ ಅಂಗಡಿ ತೆರೆದರೆ ತಪ್ಪು. ಎರಡು ಅಪ್ಪಣೆಗಳನ್ನೂ ಹೊರಡಿಸಿದ ಪಾರ್ಲಿಮೆಂಟು ಆ ದಿನ ತಾನೂ ರಜೆಯಲ್ಲಿತ್ತು.

ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ, ಥೇಮ್ಸ್ ನದಿಯ ಆಚೆ ದಡದಲ್ಲಿ ಬಲಕ್ಕೆ ತಿರುಗಿದೆವು. ಅಲ್ಲಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಮಾತ್ರ ರಜೆಯಿರಲಿಲ್ಲ. ಕೆಲಸ ಮುಗಿಸಿದ ನರ್ಸೊಬ್ಬಳು ಬಾಡಿಗೆ ಸೈಕಲ್ಲಿನ ಸೀಟನ್ನು ತನ್ನ ಎತ್ತರಕ್ಕೆ ಸರಿಪಡಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಗೂ ನದಿಗೂ ನಡುವಿನ ಕಾಲುದಾರಿಯ ಗೋಡೆಯ ಮೇಲೆ ಅಂಗೈಯಗಲದ ಕೆಂಪು ಹೃದಯಗಳನ್ನು ಬರೆದಿದ್ದಾರೆ. ನಡೆದಷ್ಟೂ ಮುಗಿಯದ ಸಾಲು ಅದು. ಕೋವಿಡ್ಡಿನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು ಹೃದಯದಂತೆ, ತಮ್ಮವರನ್ನು ಕಳೆದುಕೊಂಡವರು 2021ರಲ್ಲಿ ಬರೆಯತೊಡಗಿದ್ದು. ಬಿಸಿಲು ಮಳೆಗಳಿಗೆ ಬಣ್ಣ ಮಾಸಿದ ಹಾಗೆಲ್ಲ ಅವರೇ ಬಂದು ಮತ್ತೆ ಬಳಿಯುತ್ತಾರೆ. ನನ್ನ ಪಟ್ಟಿಯಲ್ಲಿ ಈ ಗೋಡೆ ಇರಲಿಲ್ಲ. ಒಬ್ಬ ನಡುವಯಸ್ಸಿನ ಗಂಡಸು, ಹಬ್ಬದ ಕಾಗದದ ಕಿರೀಟವನ್ನು ತಲೆಯಿಂದ ತೆಗೆಯಲು ಮರೆತವನು, ಒಂದು ಹೃದಯದೊಳಗೆ ಅಳಿಸಿಹೋಗಿದ್ದ ಹೆಸರನ್ನು ಪೆನ್ನಿನಿಂದ ತಿದ್ದಿ ಬರೆಯುತ್ತಿದ್ದ. ನಾವು ಅವನ ಹಿಂದಿನಿಂದ ಸದ್ದಾಗದಂತೆ ದಾಟಿಹೋದೆವು.

ಅಲ್ಲಿಂದ ಮುಂದೆ, ಲ್ಯಾಂಬೆತ್ ಸೇತುವೆಯ ಬಳಿ ನಮ್ಮ ಬಸವಣ್ಣನವರಿದ್ದಾರೆ. 2015ರ ನವೆಂಬರಿನಲ್ಲಿ ಅನಾವರಣಗೊಂಡ ಪ್ರತಿಮೆ ಅದು. ಪಟ್ಟಿಯಲ್ಲಿ ಇದಕ್ಕೆ ನಾನು ಕೊಟ್ಟಿದ್ದು ಹದಿನೈದು ನಿಮಿಷ, ಅದೂ ಟ್ಯಾಕ್ಸಿಯಲ್ಲಿ ಬಂದು ಫೋಟೋ ತೆಗೆದುಕೊಂಡು ಹೋಗಲು. ಈಗ ಆರೇಳು ಕಿಲೋಮೀಟರು ಕಾಲೆಳೆದುಕೊಂಡು ಬಂದು, ಹಿಂದಿನ ದಿನ ಕೊಂಡಿಟ್ಟ ತಣ್ಣನೆಯ ಸ್ಯಾಂಡ್‌ವಿಚ್ಚಿನ ಪೊಟ್ಟಣವನ್ನು ಅವರ ಹತ್ತಿರದಲ್ಲೇ ಬಿಚ್ಚಿದೆವು. ಸ್ಥಾವರ ಜಂಗಮಗಳ ವ್ಯತ್ಯಾಸವನ್ನು ನಮಗೆ ಕಲಿಸಿದವರು ಇಲ್ಲಿ ತಾವೇ ಪ್ರತಿಮೆಯಾಗಿ ನಿಂತಿರುವುದನ್ನು ಕಂಡು ನಗುವುದು ಕನ್ನಡಿಗರಿಗೆ ಸುಲಭ. ನಾನೂ ಆ ನಗೆಗೆ ಸಿದ್ಧನಾಗಿಯೇ ಬಂದಿದ್ದೆ. ಆದರೆ ಚಲಿಸುವುದೆಲ್ಲ ನಿಂತುಹೋಗಿದ್ದ ಆ ದಿನ ನಗೆ ಯಾಕೋ ಬರಲಿಲ್ಲ. ನದಿ ಹರಿಯುತ್ತಿತ್ತು. ಮೂರೂವರೆಗೇ ಬೆಳಕು ಇಳಿಯತೊಡಗಿತು. ಮರಳಿ ನಡೆಯಬೇಕಾದ ದಾರಿಯನ್ನು ನೆನೆದು ನಾನು ನಿಟ್ಟುಸಿರು ಬಿಟ್ಟಾಗ ನನ್ನ ಹೆಂಡತಿ ಶೂ ಬಿಚ್ಚಿ ಒಳಗಿದ್ದ ಕಲ್ಲನ್ನು ಕೊಡವಿ ಮತ್ತೆ ಕಟ್ಟಿಕೊಂಡಳು.

26ರ ಬೆಳಿಗ್ಗೆ ರೈಲುಗಳು ಮತ್ತೆ ಓಡತೊಡಗಿದ್ದವು. ನಿಲ್ದಾಣಕ್ಕೆ ಇಳಿದು ಗೋಡೆಯ ನಕ್ಷೆಯ ಮುಂದೆ ನಿಂತಾಗ ಅವಳು, "ನಿನ್ನೆ ನಾವು ನಡೆದದ್ದು ಇದರಲ್ಲಿ ಎಲ್ಲಿದೆ, ತೋರಿಸಿ ನೋಡೋಣ" ಎಂದಳು. ನಾನು ಹುಡುಕಿದೆ. ಹೈಡ್ ಪಾರ್ಕ್ ಕಾರ್ನರ್ ಇತ್ತು, ಪಾರ್ಕಿರಲಿಲ್ಲ. ಪಿಕಡಿಲಿ ಸರ್ಕಸ್, ವೆಸ್ಟ್‌ಮಿನ್‌ಸ್ಟರ್ ಎಂಬ ಹೆಸರುಗಳಿದ್ದವು. ಆ ಸ್ಪ್ರೂಸ್ ಮರವಾಗಲಿ, ಕೆಂಪು ಹೃದಯಗಳಾಗಲಿ, ಬಸವಣ್ಣನವರಾಗಲಿ ಯಾವ ಬಣ್ಣದ ಗೆರೆಯ ಮೇಲೂ ಇರಲಿಲ್ಲ. ನೆಲದ ಮೇಲಿನ ವಸ್ತುವೆಂದು ಆ ನಕ್ಷೆಯಲ್ಲಿ ಉಳಿಸಿಕೊಂಡಿರುವುದು ಥೇಮ್ಸ್ ನದಿಯೊಂದನ್ನೇ, ಅದನ್ನೂ ಮೂಲೆಗಳಲ್ಲಿ ಮಡಿಸಿದ ನೀಲಿ ಪಟ್ಟಿಯಂತೆ ಬರೆದಿದ್ದಾರೆ. ಅವಳು ಆ ಪಟ್ಟಿಯ ಮೇಲೆ ಬೆರಳಿಟ್ಟು, ವೆಸ್ಟ್‌ಮಿನ್‌ಸ್ಟರಿನಿಂದ ನಿಧಾನವಾಗಿ ಕೆಳಗೆ ಸರಿಸುತ್ತ, "ಇಲ್ಲೇ ಎಲ್ಲೋ ಊಟ ಮಾಡಿದ್ದು" ಎಂದಳು. ಎಲ್ಲಿ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ರೈಲು ಬಂದು, ಬಾಗಿಲು ತೆರೆದು, ಮುಚ್ಚಿಕೊಂಡು ಹೊರಟುಹೋಯಿತು.