ಮೆನು ಕಾರ್ಡಿನ ಭೂಗೋಳ

ಮುಂಬಯಿಯಲ್ಲಿ ಭಾರತದ ಭೂಪಟ ಬೇಕಾದವರು ಪುಸ್ತಕದಂಗಡಿ ಹುಡುಕಬೇಕಿಲ್ಲ. ಯಾವುದಾದರೂ ಉಡುಪಿ ಹೋಟೆಲಿಗೆ ನುಗ್ಗಿ, ಪ್ಲಾಸ್ಟಿಕ್ ಹೊದಿಸಿದ ಮೆನು ಕಾರ್ಡ್ ಬಿಡಿಸಿದರೆ ಸಾಕು. ಒಂದನೇ ಪುಟ ಸೌತ್ ಇಂಡಿಯನ್, ಎರಡನೆಯದು ಪಂಜಾಬಿ, ಮೂರನೆಯದು ಚೈನೀಸ್, ಉಳಿದ ಜಾಗದಲ್ಲಿ ಪಾವ್ ಭಾಜಿ, ಸ್ಯಾಂಡ್‌ವಿಚ್, ಫಲೂದಾ. ಒಂದನೇ ಪುಟದಲ್ಲಿ ದಕ್ಷಿಣದ ಐದು ರಾಜ್ಯಗಳು ಹೊಂದಿಕೊಂಡು ಕೂತಿವೆ, ಕಾವೇರಿಯ ಗಲಾಟೆಯೂ ಇಲ್ಲ. ಆ ಪುಟದ ಪ್ರಜೆಗಳೆಲ್ಲ ಹಿಂದೆ ‘ಮದ್ರಾಸಿ’ ಆಗಿದ್ದರು, ಈಗ ಬಡ್ತಿ ಸಿಕ್ಕಿ ‘ಅಣ್ಣಾ’ ಆಗಿದ್ದಾರೆ. 1960ರ ದಶಕದ ಕೊನೆಗೆ ದಕ್ಷಿಣದವರನ್ನು ಓಡಿಸಲು ‘ಲುಂಗಿ ಹಟಾವ್’ ಕೂಗಿದ ಶಿವಸೇನೆಯವರೂ ಮಂಗಳೂರು ಯಾವುದು, ಮಧುರೆ ಯಾವುದು ಎಂದು ವಿಚಾರಿಸಲು ಹೋಗಲಿಲ್ಲ. ಲುಂಗಿ ಕಂಡರೆ ಸಾಕಿತ್ತು. ಈಗ ಕಾವಲಿಯ ಮುಂದೆ ದೋಸೆ ಹುಯ್ಯುವವನು ಎಷ್ಟೋ ಕಡೆ ಬಿಹಾರದ ಹುಡುಗ. ಗಿರಾಕಿಗೆ ಅವನೂ ಅಣ್ಣಾನೇ.

ಎರಡನೇ ಪುಟದ ರಹಸ್ಯ ಅಡುಗೆಮನೆಯಲ್ಲಿದೆ. ಬೆಳಿಗ್ಗೆ 10ರ ಹೊತ್ತಿಗೆ ಭಟ್ಟಿಯ ಮೇಲೆ ದೊಡ್ಡ ಪಾತ್ರೆ ಏರುತ್ತದೆ. 5 ಕಿಲೋ ಈರುಳ್ಳಿ, 5 ಕಿಲೋ ಟೊಮೆಟೊ, ಅರ್ಧ ಕಿಲೋ ಗೋಡಂಬಿ ಚೂರು, ಅಷ್ಟೇ ಮಗಜ್ (ಕರಬೂಜದ ಜಾತಿಯ ಹಣ್ಣಿನ) ಬೀಜ, ಶುಂಠಿ, ಬೆಳ್ಳುಳ್ಳಿ, ಬಣ್ಣಕ್ಕೆ ಕಾಶ್ಮೀರಿ ಮೆಣಸು. ಬೇಯಿಸಿ, ರುಬ್ಬಿ, ಎಣ್ಣೆ ಮೇಲೆ ತೇಲುವವರೆಗೆ ಕುದಿಸಿದರೆ ಕೆಂಪು ಗ್ರೇವಿ. ಟೊಮೆಟೊ, ಮೆಣಸು ಹಾಕದಿದ್ದರೆ ಬಿಳಿ ಗ್ರೇವಿ. ಇಷ್ಟೇ ಭಾರತ. ಯಾವ ಪ್ರಾಂತ ಎಂಬುದು ಕೊನೆಯ ಒಂದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಕಸೂರಿ ಮೇಥಿ ತಿಕ್ಕಿ ಬೆಣ್ಣೆ ಬಿಟ್ಟರೆ ಪಂಜಾಬ್. ಖಾರದ ಒಗ್ಗರಣೆ ಸುರಿದು ಎರಡು ಒಣಮೆಣಸು ನಿಲ್ಲಿಸಿದರೆ ಕೊಲ್ಹಾಪುರ. ಬಿಳಿ ಗ್ರೇವಿಗೆ ಕ್ರೀಮು, ಸಕ್ಕರೆ, ಅನಾನಸಿನ ಹೋಳು ಬಿದ್ದರೆ ಕಾಶ್ಮೀರ. ಪಾಲಕ್ ರುಬ್ಬಿ ಬೆರೆಸಿದರೆ ಹೈದರಾಬಾದ್. ಈ ಹಸಿರಿನ ಸುದ್ದಿ ಹೈದರಾಬಾದಿಗೆ ಇನ್ನೂ ತಲುಪಿದಂತಿಲ್ಲ. ರಾತ್ರಿ 9ರ ಗದ್ದಲದಲ್ಲಿ ಚೀಟಿ ಅದಲುಬದಲಾಗಿ ಕೊಲ್ಹಾಪುರಿಯ ಟೇಬಲ್ಲಿಗೆ ಪಂಜಾಬಿ ಹೋದರೂ ಗಾಬರಿಯಿಲ್ಲ. ಒಳಗೆ ತಂದು, ಒಣಮೆಣಸು ಚುಚ್ಚಿ, ಅದೇ ಬಟ್ಟಲನ್ನು ಮತ್ತೆ ಕಳಿಸಿದರೆ ಎರಡೂ ಊರಿನವರು ಸುಖಿ.

ಆದರೆ ಮುಂಬಯಿಯ ಭೂಗೋಳಜ್ಞಾನದ ಶಿಖರ ಎಂದರೆ ಮೈಸೂರು ಮಸಾಲೆ ದೋಸೆ. ಮೈಸೂರಿನಲ್ಲಿ ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು ಮಡಚಿ ಕೊಟ್ಟರೆ ಮುಗಿಯಿತು. ಇಲ್ಲಿ ಹಾಗೆ ಮಾಡಿದರೆ ಗಿರಾಕಿ ದೂರುತ್ತಾನೆ. ಕಾದ ಕಾವಲಿಗೆ ನೀರು ಚಿಮುಕಿಸಿ, ಒರೆಸಿ, ಹಿಟ್ಟು ಹರಡಬೇಕು. ಮೇಲ್ಮೈ ಒಣಗುವ ಮೊದಲೇ 25 ಗ್ರಾಂ ಬೆಣ್ಣೆ, ಕೆಂಪು ಚಟ್ನಿ, ಆಲೂ ಪಲ್ಯ, ತುರಿದ ಬೀಟ್‌ರೂಟು, ಕ್ಯಾರೆಟ್ಟು, ಎಲೆಕೋಸು, ದೊಣ್ಣೆಮೆಣಸು, ಒಂದು ಚಮಚ ಪಾವ್ ಭಾಜಿ ಮಸಾಲೆ. ಎಲ್ಲವನ್ನೂ ದೋಸೆಯ ಮೇಲೇ ನುರಿಯಬೇಕು. ಇಲ್ಲಿ ಎಡವಟ್ಟು ಖಾತ್ರಿ. ತರಕಾರಿ ನೀರು ಬಿಟ್ಟು ಕಾವಲಿ ತಣ್ಣಗಾಗುತ್ತದೆ, ದೋಸೆ ಗರಿಯಾಗುವ ಬದಲು ಕಂಬಳಿಯಾಗುತ್ತದೆ. ಅಂಟಿಕೊಂಡ ಮಸಾಲೆ ಕೆರೆದು ತೆಗೆಯದಿದ್ದರೆ ಮುಂದಿನ ಸಾದಾ ದೋಸೆ ಕಿತ್ತು ಬರುತ್ತದೆ. ಅದಕ್ಕೇ ತಿಳಿದ ಮಾಲಕರು ಮೈಸೂರಿಗೆಂದೇ ಬೇರೆ ಕಾವಲಿ ಇಡುತ್ತಾರೆ. ಹಿಂದೆ ಒಡೆಯರಿಗಿದ್ದಂತೆ ಈಗ ಕಾವಲಿಗೂ ಪ್ರತ್ಯೇಕ ಸಂಸ್ಥಾನ.

ಇದಕ್ಕೆ ‘ಜೈನ್ ಮೈಸೂರು’ ಎಂಬ ಉಪವಿಭಾಗವೂ ಇದೆ. ಈರುಳ್ಳಿ, ಬೆಳ್ಳುಳ್ಳಿ ಹೋಯಿತು. ನೆಲದಡಿಯಲ್ಲಿ ಬೆಳೆದ ಆಲೂಗಡ್ಡೆ, ಬೀಟ್‌ರೂಟು, ಕ್ಯಾರೆಟ್ಟೂ ಹೋದವು. ಉಳಿದ ಎಲೆಕೋಸು, ದೊಣ್ಣೆಮೆಣಸಿನ ಜೊತೆಗೆ ಬೇಯಿಸಿದ ಬಾಳೆಕಾಯಿ ಸೇರಿಸಿ, ಬೆಳ್ಳುಳ್ಳಿಯಿಲ್ಲದ ಕೆಂಪು ಚಟ್ನಿ ಬಳಿದು, ಖಾಲಿತನ ಕಾಣದಂತೆ ಚೀಸು ತುರಿದು ಮುಚ್ಚಿದರೆ ಆಯಿತು. ಈ ತಟ್ಟೆಯಲ್ಲಿ ಮೈಸೂರಿನದು ಎಂಬುದು ಏನಾದರೂ ಉಳಿದಿದ್ದರೆ ಹುಡುಕಿಕೊಟ್ಟವರಿಗೆ ಎಕ್ಸ್‌ಟ್ರಾ ಸಾಂಬಾರು ಉಚಿತ.

ಸಾಂಬಾರು ಸಿಹಿ ಎಂದು ಬೆಂಗಳೂರಿನಿಂದ ಬಂದವರು ಮೂಗು ಮುರಿಯುತ್ತಾರೆ. ಉಡುಪಿ ಸಾಂಬಾರಿಗೆ ಮೊದಲಿನಿಂದಲೂ ಚೂರು ಬೆಲ್ಲ ಬೀಳುತ್ತದೆ, ತಪ್ಪು ಬೆಲ್ಲದ್ದಲ್ಲ. ಕೊತ್ತಂಬರಿ, ಮೆಂತ್ಯ, ಬ್ಯಾಡಗಿ ಮೆಣಸು ಹುರಿದು ತೆಂಗಿನಕಾಯಿ ಜೊತೆ ರುಬ್ಬಿದ ಮಸಾಲೆ ಇದ್ದಾಗ ಆ ಬೆಲ್ಲ ಹದಕ್ಕೆ ನಿಲ್ಲುತ್ತದೆ. ಬೆಳಿಗ್ಗೆ 7ಕ್ಕೆ ಮಾಡಿದ ಸಾಂಬಾರು ರಾತ್ರಿ 11ರವರೆಗೆ ಬಾಳಬೇಕಾದರೆ ಕಾಯಿ ಹಾಕುವಂತಿಲ್ಲ, ಮಧ್ಯಾಹ್ನಕ್ಕೇ ಹಳಸುತ್ತದೆ. ಕಾಯಿ ಹೋದ ಜಾಗಕ್ಕೆ ಕುಂಬಳ ಬಂತು, ಬೆಲ್ಲ ದುಪ್ಪಟ್ಟಾಯಿತು. ಗುಜರಾತಿಗಳು ಹೆಚ್ಚಿರುವ ಘಾಟ್ಕೋಪರಿನ ಗಿರಾಕಿ ಅದನ್ನೇ ಬಟ್ಟಲೆತ್ತಿ ಕುಡಿದು, ‘ಅಸಲಿ ಸೌತ್’ ಎಂದ. ಮುಂದೆ ಯಾರು ತಿದ್ದುತ್ತಾರೆ?

ಮೂರನೇ ಪುಟಕ್ಕೆ ಹೆಚ್ಚು ಹೊತ್ತು ಬೇಡ. ಸಿಚುವಾನ್ ಚೀನಾದ ನೈಋತ್ಯಕ್ಕಿದೆ, ಮಂಚೂರಿಯಾ ಈಶಾನ್ಯಕ್ಕಿದೆ. ನಮ್ಮಲ್ಲಿ ನಡುವಿನ ಅಂತರ ಅರ್ಧ ಸೌಟು ಸೋಯಾ ಸಾಸ್.

ಇನ್ನು ನಾವು ಕನ್ನಡಿಗರು ಬರೆದುಕೊಂಡ ಭೂಪಟ. ಕರಾವಳಿಯವರಿಗೆ ಆಗುಂಬೆ ಹತ್ತಿದ ಮೇಲೆ ಸಿಗುವವರೆಲ್ಲ ‘ಘಟ್ಟದವರು’, ಹಾಸನವೂ ಒಂದೇ, ಬೀದರೂ ಒಂದೇ. ವಿಜಯಪುರ, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಮುಂಬಯಿಯ ಕನ್ನಡಿಗರೆಲ್ಲ ‘ಶೆಟ್ರು’. ಇವರಿಬ್ಬರೂ ನವೆಂಬರಿನಲ್ಲಿ ಒಂದೇ ವೇದಿಕೆಗೆ ಬಂದಾಗ, ಹಿಂದೆ ವಿಧಾನಸೌಧದ ಫ್ಲೆಕ್ಸು, ಮುಂದೆ ‘ಸಮಗ್ರ ಕರ್ನಾಟಕ ಆಹಾರ ಮೇಳ’. ರಾಗಿ ಮುದ್ದೆ ಕಟ್ಟಲು ನಿಂತವರು ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವರು. ಕುದಿಯುವ ನೀರಿಗೆ ಹಿಟ್ಟು ಸುರಿದು, ಬೇಯುವ ಮೊದಲೇ ತಿರುವಿ ಗಂಟು ಮಾಡುತ್ತಾರೆ. ಗಂಟು ಒಡೆಯಲು ಇನ್ನಷ್ಟು ನೀರು ಬಿಟ್ಟು ಅಂಬಲಿಗೆ ತಂದು ನಿಲ್ಲಿಸುತ್ತಾರೆ. ಪಕ್ಕದ ಮಳಿಗೆಯಲ್ಲಿ ‘ಅಪ್ಪಟ ಉತ್ತರ ಕರ್ನಾಟಕ’ ಎಂದು ಮಾರುವ ಖಡಕ್ ರೊಟ್ಟಿಯ ಪೊಟ್ಟಣ ಸೊಲ್ಲಾಪುರದಿಂದ ಬಂದದ್ದು. ಅಧ್ಯಕ್ಷರು ಎರಡನ್ನೂ ಸವಿದು, ಶಾಲು ಹೊದ್ದು, ‘ನಮ್ಮ ಸಂಸ್ಕೃತಿ ಒಂದೇ’ ಎಂದು 40 ನಿಮಿಷ ಮಾತಾಡುತ್ತಾರೆ.

ಮಹಾರಾಷ್ಟ್ರ ಸರಕಾರವೂ ಕೈಕಟ್ಟಿ ಕೂತಿಲ್ಲ. 2022ರ ತಿದ್ದುಪಡಿಯಂತೆ ಅಂಗಡಿ ಫಲಕದ ಮರಾಠಿ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಿರಬಾರದು; 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವನ್ನೂ ಕೊಟ್ಟಿತು. ಪಾಲಿಕೆಯವರು ಬಂದು ಹೊರಗಿನ ಅಕ್ಷರದ ಅಳತೆ ನೋಡಬಹುದು. ಒಳಗೆ ಬೀಟ್‌ರೂಟಿನಲ್ಲಿ ಮುಳುಗಿದ ಮೈಸೂರನ್ನು ಅಳೆಯುವ ಟೇಪು ಅವರ ಬಳಿಯೂ ಇಲ್ಲ.

ತಿಂದಾದ ಮೇಲೆ ಬಿಲ್ಲು ಬರುತ್ತದೆ. ಮೈಸೂರು, ಕೊಲ್ಹಾಪುರ, ಮಂಚೂರಿಯಾ ಎಲ್ಲಕ್ಕೂ ಒಂದೇ 5% ಜಿಎಸ್‌ಟಿ: ಎರಡೂವರೆ ದಿಲ್ಲಿಗೆ, ಎರಡೂವರೆ ಮಹಾರಾಷ್ಟ್ರಕ್ಕೆ. ಮೈಸೂರಿಗೆ ಸೋಂಪು, ಸಕ್ಕರೆ.